ಮಧ್ಯಾಹ್ನದ ಬಿಸಿಲು, ಗುಡಿಯ ಕತ್ತಲು: ಫೋಟೊ ಮತ್ತು ವಿಡಿಯೊಗಾಗಿ ಮೊಬೈಲ್ ಆರಿಸುವ ಬಗೆ

ಕಳೆದ ವರ್ಷ ದೀಪಾವಳಿಗೆ ಮುಂಚೆ ಕಿನ್ನಾಳದ ಹಿರಿಯ ಗೊಂಬೆ ಕಲಾವಿದರೊಬ್ಬರು ಕೊಪ್ಪಳದ ನನ್ನ ಸ್ಟುಡಿಯೊಗೆ ಬಂದರು. ಕೈಚೀಲದಿಂದ ಒಂದು ಗರುಡನ ಗೊಂಬೆಯನ್ನೂ ಒಂದು ಹೊಸ ಮೊಬೈಲನ್ನೂ ತೆಗೆದು ಮೇಜಿನ ಮೇಲೆ ಇಟ್ಟು, ‘ತಮ್ಮಾ, ಈ ಕೆಂಪು ಆ ಕೆಂಪು ಒಂದೇನಾ ನೋಡು’ ಎಂದರು. ಒಂದೇ ಆಗಿರಲಿಲ್ಲ. ಗೊಂಬೆಯ ಮೈಮೇಲಿದ್ದದ್ದು ಕುಂಕುಮದಂಥ ಗಾಢ ಕೆಂಪು. ಮೊಬೈಲಿನ ಫೋಟೊದಲ್ಲಿದ್ದದ್ದು ಕಣ್ಣು ಕುಕ್ಕುವ ಕೇಸರಿಗೆಂಪು. ಕಿರೀಟದ ಮೇಲೆ ಅವರು ಎಳೆದಿದ್ದ ಕೂದಲೆಳೆಯಷ್ಟು ಸಣ್ಣ ಹಳದಿ ಗೆರೆಗಳು ಫೋಟೊದಲ್ಲಿ ಕಲಸಿಹೋಗಿದ್ದವು. ಫೋಟೊ ನೋಡಿ ಕೊಂಡಿದ್ದ ಬೆಂಗಳೂರಿನ ಗಿರಾಕಿ ಬಣ್ಣ ಬೇರೆ ಬಂದಿದೆ ಎಂದು ಗೊಂಬೆಯನ್ನು ಹಿಂತಿರುಗಿಸಿದ್ದರು.

ಆ ಮೊಬೈಲು 108 ಮೆಗಾಪಿಕ್ಸೆಲ್‌ನದು. ಅಂಗಡಿಯಲ್ಲಿ ಅವರು ಕೇಳಿದ್ದೂ, ಅಂಗಡಿಯವರು ಹೇಳಿದ್ದೂ ಅದೊಂದೇ ಸಂಖ್ಯೆ. ಹದಿನಾರು ವರ್ಷಗಳಿಂದ ಸ್ಟುಡಿಯೊ ನಡೆಸುತ್ತಿರುವ ನನ್ನ ಬಳಿ ತಿಂಗಳಿಗೆ ಹತ್ತು ಜನರಾದರೂ ಇದೇ ನೋವು ಹೊತ್ತು ಬರುತ್ತಾರೆ. ಬೆವರು ಸುರಿಸಿ ದುಡಿದ ಹಣ ಕೊಟ್ಟು ತಂದ ವಸ್ತು, ಬೇಕಾದ ಹೊತ್ತಿಗೆ ಕೈಕೊಟ್ಟಿರುತ್ತದೆ. ಅವರಿಗೆಲ್ಲ ನಾನು ಬಾಯಲ್ಲಿ ಹೇಳುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಅದರ ತಿರುಳು ಇಷ್ಟು: ನಮ್ಮ ಬೆಳಕಿನಲ್ಲಿ, ನಮ್ಮ ಮುಖಗಳ ಮೇಲೆ, ನಮ್ಮ ಬಣ್ಣಗಳ ಮೇಲೆ ಪರೀಕ್ಷಿಸದೆ ಮೊಬೈಲ್ ಕೊಳ್ಳಬೇಡಿ. ಜಾಹೀರಾತಿನ ಚಿತ್ರಗಳನ್ನು ತೆಗೆದವರು ಮೆದುವಾದ ಬೆಳಕನ್ನು ಹುಡುಕಿಕೊಂಡು ಹೋಗಿರುತ್ತಾರೆ. ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ನಮಗೆ ಸಿಗುವುದು ಬಂಡೆಯ ಮೇಲೆ ಬಿದ್ದು ಮುಖಕ್ಕೆ ರಾಚುವ ಬಿಸಿಲು, ಇಲ್ಲವೇ ಗುಡಿಯೊಳಗಿನ ಕತ್ತಲು. ನಡುವಿನದು ಕಡಿಮೆ.

ಮೊದಲ ಹೆಜ್ಜೆ: ಏನನ್ನು ತೆಗೆಯುತ್ತೀರಿ?

ಒಂದು ಚೀಟಿಯಲ್ಲಿ ನೀವು ಅತಿ ಹೆಚ್ಚಾಗಿ ತೆಗೆಯುವ ಮೂರು ಸಂಗತಿಗಳನ್ನು ಬರೆದುಕೊಳ್ಳಿ. ಮಕ್ಕಳು, ಸೀರೆ ವ್ಯಾಪಾರ, ಹೊಲದ ಬೆಳೆ, ಜಾತ್ರೆ, ಯೂಟ್ಯೂಬ್‌ಗೆ ಅಡುಗೆಯ ವಿಡಿಯೊ, ಯಾವುದಾದರೂ ಸರಿ. ಮಾರಾಟದ ವಸ್ತು ತೆಗೆಯುವವರಿಗೆ ಬಣ್ಣದ ಸತ್ಯ ಮುಖ್ಯ. ಮಕ್ಕಳನ್ನು ತೆಗೆಯುವವರಿಗೆ ಕ್ಯಾಮೆರಾದ ಚುರುಕು ಮುಖ್ಯ. ಮಾತನಾಡುವ ವಿಡಿಯೊ ಮಾಡುವವರಿಗೆ ಚಿತ್ರಕ್ಕಿಂತ ಮೊದಲು ಧ್ವನಿ. ಈ ಚೀಟಿ ಇಲ್ಲದೆ ಅಂಗಡಿಗೆ ಹೋದರೆ ಮಾರುವವರ ಚೀಟಿಯೇ ನಿಮ್ಮ ಚೀಟಿಯಾಗುತ್ತದೆ.

ಎರಡನೆಯ ಹೆಜ್ಜೆ: ವಿವರಪಟ್ಟಿಯಲ್ಲಿ ಯಾವುದನ್ನು ಓದಬೇಕು

ಗಂಗಾವತಿ ಕಡೆಯ ರೈತರಿಗೆ ನಾನು ಹೀಗೆ ಹೇಳುತ್ತೇನೆ: ಲೆನ್ಸಿನ ಹಿಂದೆ ಕೂತು ಬೆಳಕು ಹಿಡಿಯುವ ಚಿಪ್ಪಾದ ಸೆನ್ಸರ್ ಎಂದರೆ ನಿಮ್ಮ ಗದ್ದೆ, ಚಿತ್ರದ ಬಿಂದುಗಳನ್ನು ಹತ್ತು ಲಕ್ಷದ ಲೆಕ್ಕದಲ್ಲಿ ಎಣಿಸುವ ಮೆಗಾಪಿಕ್ಸೆಲ್ ಎಂದರೆ ಅದರಲ್ಲಿ ಮಾಡಿದ ಮಡಿಗಳ ಸಂಖ್ಯೆ. ಒಂದೇ ಎಕರೆಯನ್ನು ಐವತ್ತು ಮಡಿಯ ಬದಲು ಇನ್ನೂರು ಮಡಿಗಳಾಗಿ ಒಡೆದರೆ ಭತ್ತ ಹೆಚ್ಚುವುದಿಲ್ಲ. ಬೆಳೆ ಹೆಚ್ಚಬೇಕಾದರೆ ಗದ್ದೆಯೇ ದೊಡ್ಡದಿರಬೇಕು. ಇಲ್ಲಿ ಬೆಳೆ ಎಂದರೆ ಬೆಳಕು.

ಸೆನ್ಸರಿನ ಅಳತೆಯನ್ನು ಭಿನ್ನರಾಶಿಯಲ್ಲಿ ಬರೆಯುತ್ತಾರೆ: 1/1.56 ಇಂಚು, 1/2.76 ಇಂಚು ಎಂದು. ಗೆರೆಯ ಕೆಳಗಿನ ಸಂಖ್ಯೆ ಚಿಕ್ಕದಾದಷ್ಟೂ ಸೆನ್ಸರ್ ದೊಡ್ಡದು. ಈ ಎರಡರಲ್ಲಿ ಮೊದಲನೆಯದರ ವಿಸ್ತೀರ್ಣ ಎರಡನೆಯದರ ಸುಮಾರು ಮೂರು ಪಟ್ಟು. ಹಿಂಬದಿಯ ಮುಖ್ಯ ಕ್ಯಾಮೆರಾಕ್ಕೆ 1/2 ಇಂಚಿಗಿಂತ ಚಿಕ್ಕ ಸೆನ್ಸರ್ ಬೇಡ ಎನ್ನುವುದು ನನ್ನ ಲೆಕ್ಕ. 1/1.6ರ ಆಸುಪಾಸಿನದು ಸಿಕ್ಕರೆ ಒಳ್ಳೆಯದು.

ಇನ್ನು ಮೆಗಾಪಿಕ್ಸೆಲ್. ಈ ದೊಡ್ಡ ಸಂಖ್ಯೆಯ ಕ್ಯಾಮೆರಾಗಳು ಸಾಮಾನ್ಯವಾಗಿ ಅಕ್ಕಪಕ್ಕದ ಬಿಂದುಗಳನ್ನು ಕೂಡಿಸಿಯೇ ಫೋಟೊ ಕೊಡುತ್ತವೆ. 50 ಮೆಗಾಪಿಕ್ಸೆಲ್‌ನದು ನಾಲ್ಕನ್ನು ಕೂಡಿಸುತ್ತದೆ, 108ರದು ಒಂಬತ್ತನ್ನು, 200ರದು ಹದಿನಾರನ್ನು. ಕೊನೆಗೆ ಮೂರರಿಂದಲೂ ಸಿಗುವುದು 12 ಮೆಗಾಪಿಕ್ಸೆಲ್ ಆಸುಪಾಸಿನ ಫೋಟೊ. ಅದು ಕಡಿಮೆಯೇನಲ್ಲ. 4000 ಅಡ್ಡ 3000 ಬಿಂದುಗಳ ಫೋಟೊವನ್ನು ಇಂಚಿಗೆ 300 ಬಿಂದುಗಳಂತೆ ಮುದ್ರಿಸಿದರೆ 13 ಇಂಚು ಉದ್ದ, 10 ಇಂಚು ಅಗಲ ಬರುತ್ತದೆ. ಗೋಡೆಗೆ ಹಾಕುವ ಚೌಕಟ್ಟಿಗೆ ಇಷ್ಟು ಸಾಕು.

ಸೆನ್ಸರಿನ ನಂತರ ನೋಡಬೇಕಾದದ್ದು ಓಐಎಸ್ ಇದೆಯೇ ಎಂದು. ಕೈ ನಡುಗಿದಾಗ ಲೆನ್ಸ್ ಅಥವಾ ಸೆನ್ಸರ್ ಅದಕ್ಕೆ ಎದುರಾಗಿ ಅಲುಗಿ ಚಿತ್ರವನ್ನು ನಿಲ್ಲಿಸುವ ಯಂತ್ರ ಅದು. ಇಐಎಸ್ ಎನ್ನುವುದು ಬೇರೆ. ಅದು ವಿಡಿಯೊದ ಅಂಚುಗಳನ್ನು ಕತ್ತರಿಸಿ, ಲೆಕ್ಕಾಚಾರದಿಂದ ಅಲುಗಾಟ ಮರೆಸುವ ತಂತ್ರ. ಹಗಲಿನಲ್ಲಿ ಇಐಎಸ್ ಸಾಕಾಗುತ್ತದೆ, ಮಬ್ಬು ಬೆಳಕಿನಲ್ಲಿ ಸಾಕಾಗುವುದಿಲ್ಲ. ಇಟಗಿಯ ಮಹಾದೇವ ದೇವಾಲಯಕ್ಕೆ ಹೋದವರಿಗೆ ಈ ಮಾತು ತಕ್ಷಣ ತಿಳಿಯುತ್ತದೆ. 1112ರಲ್ಲಿ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿರುವ ಆ ಗುಡಿಯ ಒಳಗೆ ಕಂಬಗಳ ಕೆತ್ತನೆ ಕಣ್ಣಿಗೆ ಕಾಣುತ್ತದೆ, ಸಾಧಾರಣ ಮೊಬೈಲಿಗೆ ಕಾಣುವುದಿಲ್ಲ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಹಾಕಲು ಅನುಮತಿ ಬೇಕಾದ್ದರಿಂದ ಕೈಯಲ್ಲಿ ಹಿಡಿದೇ ತೆಗೆಯಬೇಕು. ಅಲ್ಲಿ ಕಾಪಾಡುವುದು ಓಐಎಸ್.

ಆದರೆ ಒಂದು ತಪ್ಪು ತಿಳಿವಳಿಕೆ ಬೇಡ. ಓಐಎಸ್ ನಿಲ್ಲಿಸುವುದು ನಿಮ್ಮ ಕೈಯ ನಡುಕವನ್ನು, ಎದುರಿನವರ ಚಲನೆಯನ್ನಲ್ಲ. ಗವಿಮಠದ ಜಾತ್ರೆಯಲ್ಲಿ ಸಂಜೆ ತೇರು ಎಳೆಯುವಾಗ, ಜನ ಉತ್ತತ್ತಿ ಎಸೆಯುವ ಆ ಕ್ಷಣವನ್ನು ಹಿಡಿಯಲು ಶಟರ್ ವೇಗ ಬೇಕು, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಅವಧಿ ತೀರ ಚಿಕ್ಕದಿರಬೇಕು. ವೇಗಕ್ಕೆ ಬೆಳಕು ಬೇಕು. ಬೆಳಕಿಗೆ ಮತ್ತೆ ಅದೇ ದೊಡ್ಡ ಸೆನ್ಸರ್, ಅದರ ಜೊತೆಗೆ ಅಗಲವಾಗಿ ತೆರೆಯುವ ಲೆನ್ಸ್. ಎಫ್ ಅಕ್ಷರದ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್/1.8 ಒಳ್ಳೆಯದು, ಎಫ್/2.2 ಕಡಿಮೆ.

ಹಿಂಬದಿಯಲ್ಲಿ ಎಷ್ಟು ಕಣ್ಣುಗಳಿವೆ ಎಂದು ಎಣಿಸಬೇಡಿ. 2 ಮೆಗಾಪಿಕ್ಸೆಲ್‌ನ ಮ್ಯಾಕ್ರೊ, 2 ಮೆಗಾಪಿಕ್ಸೆಲ್‌ನ ಡೆಪ್ತ್ ಎಂದು ಬರೆದಿದ್ದರೆ ಅವು ಸಂಖ್ಯೆ ತುಂಬಿಸಲು ಇಟ್ಟವು, ಇಲ್ಲವೆಂದೇ ಭಾವಿಸಿ. ಅಲ್ಟ್ರಾವೈಡ್ ಇದ್ದರೆ ಉಪಯೋಗಿ. ಇಕ್ಕಟ್ಟಾದ ಮನೆಯಲ್ಲಿ ಇಡೀ ಕುಟುಂಬವನ್ನು ಒಂದೇ ಚಿತ್ರದಲ್ಲಿ ಕೂರಿಸಬಹುದು. ಅದಕ್ಕೆ ಆಟೊಫೋಕಸ್ ಇದ್ದರೆ ಗೊಂಬೆಯ ಕಣ್ಣು, ಭತ್ತದ ತೆನೆಯಂಥ ಸಣ್ಣ ವಸ್ತುಗಳನ್ನೂ ಹತ್ತಿರದಿಂದ ತೆಗೆಯಬಹುದು.

ಎರಡು ಅಥವಾ ಮೂರು ಪಟ್ಟಿನ ನಿಜವಾದ ಟೆಲಿಫೋಟೊ ಲೆನ್ಸ್ ಇದ್ದರೆ ಅದಕ್ಕಾಗಿ ಹೆಚ್ಚು ಹಣ ಕೊಡುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ದೂರದ್ದನ್ನು ಹತ್ತಿರ ತೋರಿಸುತ್ತದೆ ಎಂಬುದಕ್ಕಿಂತ ದೊಡ್ಡ ಕಾರಣ ಮುಖ. ಮೊಬೈಲಿನ ಮುಖ್ಯ ಲೆನ್ಸ್ ಅಗಲ ನೋಟದ್ದು. ಅದರಿಂದ ಮುಖ ದೊಡ್ಡದಾಗಿ ಬರಲಿ ಎಂದು ತೀರ ಹತ್ತಿರ ಹೋದರೆ ಮೂಗು ದಪ್ಪವಾಗಿ, ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ. ನಾಲ್ಕಾರು ಅಡಿ ದೂರ ನಿಂತು ಟೆಲಿಫೋಟೊದಲ್ಲಿ ತೆಗೆದರೆ ಮುಖ ಮುಖದಂತೆಯೇ ಬರುತ್ತದೆ. ಕೊಳ್ಳುವಾಗ ‘ಆಪ್ಟಿಕಲ್ ಜೂಮ್ ಎಷ್ಟು’, ಅಂದರೆ ಲೆನ್ಸೇ ಎಷ್ಟು ಪಟ್ಟು ಹತ್ತಿರ ತರುತ್ತದೆ, ಎಂದು ಕೇಳಿ. ಪೆಟ್ಟಿಗೆಯ ಮೇಲಿನ ನೂರು ಪಟ್ಟು ಎಂಬುದು ಬಹುಪಾಲು ಹಿಗ್ಗಿಸಿದ ಚಿತ್ರ.

ಮೂರನೆಯ ಹೆಜ್ಜೆ: ಅಂಗಡಿಯಲ್ಲಿ ಅರ್ಧ ಗಂಟೆ

ಇಷ್ಟೆಲ್ಲ ಓದಿದರೂ ಅರ್ಧ ದಾರಿಯಷ್ಟೇ ನಡೆದಂತೆ. ಕಿನ್ನಾಳದ ಆ ಹಿರಿಯರ ಮೊಬೈಲಿನ ಸೆನ್ಸರ್ ಸಣ್ಣದಾಗಿರಲಿಲ್ಲ. ಬಣ್ಣ ಕೆಡಿಸಿದ್ದು ಅದರೊಳಗಿನ ಲೆಕ್ಕಾಚಾರ. ಇಂದಿನ ಮೊಬೈಲ್ ಫೋಟೊ ಎಂದರೆ ಲೆನ್ಸ್ ಕಂಡದ್ದಲ್ಲ, ಹಲವು ಚಿತ್ರಗಳನ್ನು ಕೂಡಿಸಿ, ಬಣ್ಣ ತಿದ್ದಿ, ಚರ್ಮ ನಯಗೊಳಿಸಿ ಕೊಟ್ಟದ್ದು. ಆ ತಿದ್ದುವಿಕೆ ಹೇಗಿದೆ ಎಂಬುದು ಯಾವ ವಿವರಪಟ್ಟಿಯಲ್ಲೂ ಬರೆದಿರುವುದಿಲ್ಲ. ಆದ್ದರಿಂದ ಡೆಮೊ ಮೊಬೈಲ್ ಇಟ್ಟಿರುವ ಅಂಗಡಿಗೇ ಹೋಗಿ, ಸಂಜೆಯ ಗದ್ದಲದ ಹೊತ್ತು ಬಿಟ್ಟು ಮಧ್ಯಾಹ್ನ ಹೋಗಿ. ಬಾಗಿಲಲ್ಲಿ ಬಿಸಿಲು ಇರಬೇಕು. ಜೊತೆಗೆ ಮನೆಯವರೊಬ್ಬರನ್ನು, ಒಂದು ದಿನಪತ್ರಿಕೆಯನ್ನು, ಗಾಢ ಬಣ್ಣದ ಒಂದು ವಸ್ತುವನ್ನು ಒಯ್ಯಿರಿ. ಇಳಕಲ್ ಸೀರೆಯಾದರೆ ಬಹಳ ಒಳ್ಳೆಯದು. ಸೆರಗಿನ ಕೆಂಪು ಬಣ್ಣವನ್ನು ಪರೀಕ್ಷಿಸುತ್ತದೆ, ಒಡಲಿನ ಸಣ್ಣ ಚೌಕಳಿ ಸೂಕ್ಷ್ಮತೆಯನ್ನು ಪರೀಕ್ಷಿಸುತ್ತದೆ.

ಮೊದಲು ಡೆಮೊ ಮೊಬೈಲಿನ ಲೆನ್ಸ್ ಒರೆಸಿ. ನೂರು ಜನರ ಬೆರಳು ತಾಗಿರುತ್ತದೆ. ಬಳಿಕ ಕ್ಯಾಮೆರಾ ಸೆಟ್ಟಿಂಗ್‌ಗೆ ಹೋಗಿ ಚಿತ್ರವನ್ನು ತಾನಾಗಿಯೇ ತಿದ್ದುವ ಬ್ಯೂಟಿ, ಫಿಲ್ಟರ್, ಎಐ ಸೀನ್ ಎಲ್ಲವನ್ನೂ ಆಫ್ ಮಾಡಿ. ಬ್ಯೂಟಿಯನ್ನು ಪೂರ್ತಿ ಆಫ್ ಮಾಡಲು ಬಿಡದ ಮೊಬೈಲ್ ಇದ್ದರೆ ಅದನ್ನು ಅಲ್ಲೇ ಬಿಟ್ಟು ಮುಂದೆ ಹೋಗಿ.

ಬಾಗಿಲ ಪರೀಕ್ಷೆ: ಮನೆಯವರನ್ನು ಅಂಗಡಿಯ ಬಾಗಿಲಲ್ಲಿ, ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಿ ಒಳಗಿನಿಂದ ಫೋಟೊ ತೆಗೆಯಿರಿ. ಒಳ್ಳೆಯ ಮೊಬೈಲಿನಲ್ಲಿ ಮುಖವೂ ಕಾಣಬೇಕು, ಹಿಂದಿನ ರಸ್ತೆ ಮತ್ತು ಆಕಾಶವೂ ಉಳಿದಿರಬೇಕು. ಮುಖ ಇದ್ದಿಲಾಗಿದ್ದರೆ ಅಥವಾ ಹೊರಗಿನದೆಲ್ಲ ಬಿಳಿ ಹಾಳೆಯಾಗಿದ್ದರೆ ಅದು ನಮ್ಮ ಬಿಸಿಲಿಗೆ ತಕ್ಕದ್ದಲ್ಲ. ಮುಖ ಬೂದಿ ಬಳಿದಂತೆ ಚಪ್ಪಟೆಯಾಗಿ ಬಂದರೂ ಬೇಡ.

ಮೈಬಣ್ಣದ ಪರೀಕ್ಷೆ: ಅವರು ತಮ್ಮ ಅಂಗೈಯ ಹಿಂಭಾಗವನ್ನು ಕೆನ್ನೆಯ ಪಕ್ಕ ಹಿಡಿದುಕೊಳ್ಳಲಿ. ತೆಗೆದ ಫೋಟೊವನ್ನು ಆ ಕೈಯ ಪಕ್ಕವೇ ಇಟ್ಟು ನೋಡಿ. ಈ ಪರೀಕ್ಷೆಯನ್ನು ನಾನು ಬಿಡುವುದೇ ಇಲ್ಲ. ಬಿಸಿಲಲ್ಲಿ ದುಡಿಯುವ ನಮ್ಮ ಜನರ ಬಣ್ಣ ಚಂದದ ಕಂದು, ಎಣ್ಣೆಗಪ್ಪು. ಅದನ್ನು ಎರಡು ಪಟ್ಟು ಬೆಳ್ಳಗೆ ಮಾಡಿ ‘ಚೆನ್ನಾಗಿ ಬಂದಿದೆ’ ಎನ್ನಿಸುವ ಮೊಬೈಲು ನಮ್ಮನ್ನು ನಮ್ಮಂತೆ ತೋರಿಸಲು ಒಲ್ಲೆ ಎನ್ನುತ್ತಿದೆ. ಮದುವೆಯ ಆಲ್ಬಮ್ ಮಾಡುವಾಗ ಹುಡುಗಿಯೊಬ್ಬಳು ‘ಅಣ್ಣಾ, ಇದು ನಾನಲ್ಲ’ ಎಂದು ಮೊಬೈಲ್ ಫೋಟೊ ತೋರಿಸಿ ಕಣ್ಣೀರು ಹಾಕಿದ್ದನ್ನು ನಾನು ಮರೆತಿಲ್ಲ.

ನಂತರ ಸೀರೆಯನ್ನು ಹರಡಿ ತೆಗೆಯಿರಿ. ಕೆಂಪು ಒಂದೇ ಮುದ್ದೆಯಾಗಿ, ಮಡಿಕೆಗಳ ನೆರಳೂ ಕಾಣದಂತೆ ಬಂದರೆ ಬಣ್ಣ ಉಬ್ಬಿಸುತ್ತಿದೆ ಎಂದರ್ಥ. ದಿನಪತ್ರಿಕೆಯನ್ನು ಬಿಡಿಸಿ ಗೋಡೆಗೆ ಹಿಡಿಸಿ, ಚಿತ್ರದ ತುಂಬ ಅದೇ ಬರುವಂತೆ ತೆಗೆದ ಫೋಟೊದ ನಾಲ್ಕು ಮೂಲೆಗಳನ್ನೂ ಹಿಗ್ಗಿಸಿ ನೋಡಿ. ನಡುವೆ ಅಕ್ಷರ ಚೂಪಾಗಿದ್ದು ಒಂದು ಮೂಲೆಯಲ್ಲಿ ಮಾತ್ರ ಕಲಸಿದ್ದರೆ ಲೆನ್ಸ್ ಓರೆಯಾಗಿದೆ. ಕೌಂಟರಿನ ಕೆಳಗಿನ ಕತ್ತಲಲ್ಲಿ ನೈಟ್ ಮೋಡ್ ಆಫ್ ಮಾಡಿ ಒಂದು, ಆನ್ ಮಾಡಿ ಒಂದು ತೆಗೆಯಿರಿ. ನೈಟ್ ಮೋಡ್ ಹಲವು ಚಿತ್ರಗಳನ್ನು ಕೂಡಿಸುವುದರಿಂದ ಅಲುಗದ ವಸ್ತುವಿಗೆ ಮಾತ್ರ ಒಗ್ಗುತ್ತದೆ. ಕತ್ತಲಲ್ಲಿ ಮಕ್ಕಳನ್ನು ತೆಗೆಯುವವರು ಅದಿಲ್ಲದ ಚಿತ್ರವನ್ನೇ ನಂಬಿ ತೀರ್ಮಾನಿಸಬೇಕು. ಮನೆಯವರು ಕೈ ಬೀಸುತ್ತಿರುವಾಗಲೂ ಒಂದು ತೆಗೆಯಿರಿ: ಗುಂಡಿ ಒತ್ತಿದ ಕ್ಷಣವೇ ಬಂತೇ, ಮುಂದಿನ ಕ್ಷಣದ್ದು ಬಂತೇ?

ಈ ಎಲ್ಲ ಫೋಟೊಗಳನ್ನು ಅದೇ ಮೊಬೈಲಿನ ಪರದೆಯಲ್ಲಿ ನೋಡಿ ತೀರ್ಮಾನಿಸುವುದು ದೊಡ್ಡ ತಪ್ಪು. ಅಂಗಡಿಯ ಡೆಮೊ ಮೊಬೈಲಿನ ಪರದೆಯ ಬಣ್ಣ ಬಹುಮಟ್ಟಿಗೆ ಏರಿಸಿಯೇ ಇರುತ್ತದೆ. ಬ್ಲೂಟೂತ್ ಅಥವಾ ಕ್ವಿಕ್ ಶೇರ್ ಮೂಲಕ ನಿಮ್ಮ ಹಳೆಯ ಮೊಬೈಲಿಗೆ ತೆಗೆದುಕೊಳ್ಳಿ. ವಾಟ್ಸಾಪ್‌ನಲ್ಲಿ ಕಳುಹಿಸಿಕೊಳ್ಳಬೇಡಿ, ಅದು ಫೋಟೊವನ್ನು ಕುಗ್ಗಿಸುತ್ತದೆ. ಕಳುಹಿಸಲೇಬೇಕಾದರೆ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿ. ಎರಡು ಮೂರು ಮೊಬೈಲುಗಳ ಫೋಟೊಗಳನ್ನು ಹೀಗೆ ಒಟ್ಟುಮಾಡಿ, ಮನೆಗೆ ಹೋಗಿ, ಒಂದೇ ಪರದೆಯಲ್ಲಿ ಹೋಲಿಸಿ. ಅವತ್ತೇ ಕೊಳ್ಳಬೇಕೆಂಬ ಒತ್ತಾಯಕ್ಕೆ ಮಣಿಯಬೇಡಿ.

ನಾಲ್ಕನೆಯ ಹೆಜ್ಜೆ: ವಿಡಿಯೊ ಬೇರೆ ಪರೀಕ್ಷೆ

ಫೋಟೊ ಚೆನ್ನಾಗಿ ತೆಗೆಯುವ ಮೊಬೈಲು ವಿಡಿಯೊವನ್ನೂ ಚೆನ್ನಾಗಿ ತೆಗೆಯುತ್ತದೆ ಎಂಬ ಖಾತರಿ ಇಲ್ಲ. ಫೋಟೊ ತಿದ್ದಲು ಮೊಬೈಲಿಗೆ ಒಂದೆರಡು ಸೆಕೆಂಡು ಸಮಯ ಸಿಗುತ್ತದೆ. ವಿಡಿಯೊದಲ್ಲಿ ಸೆಕೆಂಡಿಗೆ ಮೂವತ್ತು ಚಿತ್ರಗಳನ್ನು ಓಡುತ್ತಲೇ ತಿದ್ದಬೇಕು. ಅಲ್ಲಿ ಪ್ರೊಸೆಸರಿನ ಬಲ ಗೊತ್ತಾಗುತ್ತದೆ.

ಸೆಕೆಂಡಿಗೆ 30 ಚಿತ್ರಗಳ 4ಕೆ (ಹೆಚ್ಚು ಬಿಂದುಗಳ, ಹೆಚ್ಚು ಸ್ಪಷ್ಟ ವಿಡಿಯೊ) ಇರಲಿ, ಅದರಲ್ಲಿ ಅಲುಗಾಟ ತಡೆಯುವ ಸೌಲಭ್ಯವೂ ಕೆಲಸ ಮಾಡಲಿ. ಎಷ್ಟೋ ಮೊಬೈಲುಗಳು 4ಕೆ ಎಂದು ಬರೆದುಕೊಂಡಿದ್ದರೂ ಸ್ಥಿರತೆಯನ್ನು ಅದಕ್ಕಿಂತ ಕಡಿಮೆ ಸ್ಪಷ್ಟತೆಯ 1080ಪಿಗೆ ಮಾತ್ರ ಕೊಡುತ್ತವೆ. ಅಂಗಡಿಯ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯುತ್ತ ವಿಡಿಯೊ ಮಾಡಿ. ಕಂಬ, ಬಾಗಿಲ ಚೌಕಟ್ಟು ಬಳುಕಿದಂತೆ ಕಂಡರೆ ಬೇಡ. ಒಳಗಿನಿಂದ ಹೊರಗಿನ ಬಿಸಿಲಿಗೆ ನಡೆದು ಬನ್ನಿ, ಬೆಳಕು ಮೆಲ್ಲಗೆ ಹೊಂದಿಕೊಳ್ಳಬೇಕು, ಝಗ್ ಎಂದು ಬದಲಾಗಬಾರದು. ರೆಕಾರ್ಡ್ ಆಗುತ್ತಿರುವಾಗಲೇ ಜೂಮ್ ಮಾಡಿ, ಒಂದು ಲೆನ್ಸಿನಿಂದ ಇನ್ನೊಂದಕ್ಕೆ ದಾಟುವಾಗ ಬಣ್ಣ ಜಿಗಿಯುತ್ತದೆಯೇ ನೋಡಿ.

ಜಾತ್ರೆಯ ಲೈಟಿನ ಸರ, ಕಲ್ಯಾಣ ಮಂಟಪದ ಟ್ಯೂಬ್‌ಲೈಟ್ ವಿಡಿಯೊದಲ್ಲಿ ಮಿಣಮಿಣ ಎನ್ನುವುದು, ಕಪ್ಪು ಪಟ್ಟಿಗಳು ಓಡುವುದು ಎಲ್ಲರ ದೂರು. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್. ಹಾಗಾಗಿ ಇಂಥ ದೀಪಗಳ ಬೆಳಕು ಸೆಕೆಂಡಿಗೆ ನೂರು ಸಲ ಏರಿ ಇಳಿಯುತ್ತದೆ. ಕ್ಯಾಮೆರಾದಲ್ಲಿ ಪ್ರೊ ವಿಡಿಯೊ ಮೋಡ್ ಇದ್ದು, ಶಟರ್ ಅನ್ನು 1/50 ಅಥವಾ 1/100 ಸೆಕೆಂಡಿಗೆ ನಿಲ್ಲಿಸಲು ಬಂದರೆ ಈ ತೊಂದರೆ ಬಹುಪಾಲು ಹೋಗುತ್ತದೆ. ಮೊಬೈಲಿನಲ್ಲಿ ಆ ಮೋಡ್ ಇಲ್ಲದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ಇದೆ. ಐಫೋನ್‌ಗೂ ಆಯ್ದ ಆಂಡ್ರಾಯ್ಡ್ ಮೊಬೈಲುಗಳಿಗೂ ಸಿಗುತ್ತದೆ.

ಧ್ವನಿಯನ್ನು ಇಯರ್‌ಫೋನ್ ಹಾಕಿಕೊಂಡೇ ಕೇಳಿ ಪರೀಕ್ಷಿಸಿ. ಮೂರು ಅಡಿ ದೂರದಿಂದ ಮಾತನಾಡಿಸಿ, ಫ್ಯಾನಿನ ಗಾಳಿಗೆ ಹಿಡಿದು ಮಾತನಾಡಿಸಿ, ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಚಪ್ಪಾಳೆಗೇ ಧ್ವನಿ ಒಡೆದರೆ ಡೊಳ್ಳಿನ ಮುಂದೆ ಆ ಮೊಬೈಲು ನಿಲ್ಲುವುದಿಲ್ಲ. ಸಂದರ್ಶನ, ಅಡುಗೆ, ಪಾಠದ ವಿಡಿಯೊ ಮಾಡುವವರು ಅಂಗಿಗೆ ಸಿಕ್ಕಿಸುವ ಟೈಪ್-ಸಿ ಮೈಕ್ ಒಂದನ್ನು ಬಜೆಟ್‌ನಲ್ಲೇ ಸೇರಿಸಿಕೊಳ್ಳಿ. ಆ ಮೈಕನ್ನು ಮೊಬೈಲಿನ ಸ್ವಂತ ಕ್ಯಾಮೆರಾ ಆ್ಯಪ್ ಗುರುತಿಸುತ್ತದೆಯೇ ಎಂದು ಅಂಗಡಿಯಲ್ಲೇ ಚುಚ್ಚಿ ನೋಡಿ.

ಜಾಗದ ಲೆಕ್ಕ ಸರಳ. 4ಕೆ ವಿಡಿಯೊ ನಿಮಿಷಕ್ಕೆ ಸುಮಾರು 170ರಿಂದ 400 ಎಂಬಿ ತಿನ್ನುತ್ತದೆ. ಒಂದು ಗಂಟೆಯ ಅರಿಶಿನ ಕಾರ್ಯಕ್ರಮಕ್ಕೆ 10ರಿಂದ 24 ಜಿಬಿ ಬೇಕು. ವಿಡಿಯೊ ಮಾಡುವವರಿಗೆ 256 ಜಿಬಿಯೇ ಸರಿ.

ಐದನೆಯ ಹೆಜ್ಜೆ: ಬಿಸಿಲು ಮತ್ತು ಧೂಳು

ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ಆದರೆ ಐಫೋನ್ ಬಳಸಲು ಆಪಲ್ ಹೇಳುವ ತಾಪಮಾನದ ಮಿತಿಯೇ 35 ಡಿಗ್ರಿ. ಮೇ ತಿಂಗಳ ಬಯಲಿನಲ್ಲಿ ಯಾವ ಕಂಪನಿಯ ಮೊಬೈಲಾದರೂ 4ಕೆ ವಿಡಿಯೊ ಮಾಡುತ್ತ ಹೋದರೆ ಮೊದಲು ಪರದೆ ಮಬ್ಬಾಗುತ್ತದೆ, ಆಮೇಲೆ ಕ್ಯಾಮೆರಾ ನಿಂತೇ ಹೋಗಬಹುದು. ಡೆಮೊ ಮೊಬೈಲಿನಲ್ಲಿ ಹತ್ತು ನಿಮಿಷ ಬಿಡದೆ 4ಕೆ ಓಡಿಸಿ, ಎಷ್ಟು ಬಿಸಿಯಾಯಿತು ಎಂದು ಕೈಯಲ್ಲಿ ಹಿಡಿದು ನೋಡಿ. ಪರದೆಯನ್ನು ಹೊರಗಿನ ಬಿಸಿಲಿಗೆ ಒಯ್ದು, ಏನು ತೆಗೆಯುತ್ತಿದ್ದೀರಿ ಎಂಬುದು ಕಾಣುತ್ತದೆಯೇ ಪರೀಕ್ಷಿಸಿ. ಕೊಂಡ ಮೇಲೆ ಬೇಸಿಗೆಯಲ್ಲಿ ತೆಗೆಯುವಾಗ ಕವರ್ ಬಿಚ್ಚಿಡಿ. ಚಾರ್ಜಿಗೆ ಹಾಕಿಕೊಂಡು ರೆಕಾರ್ಡ್ ಮಾಡಬೇಡಿ, ನಡುನಡುವೆ ನೆರಳಿಗೆ ತನ್ನಿ. ಕಾದ ಮೊಬೈಲನ್ನು ಫ್ರಿಜ್‌ನಲ್ಲಿ ಇಡುವವರನ್ನು ಕಂಡಿದ್ದೇನೆ. ಒಳಗೆ ನೀರಹನಿ ಕಟ್ಟಿ ಹಾಳಾಗುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ.

ಬಳ್ಳಾರಿ, ಸಂಡೂರಿನ ಗಣಿ ರಸ್ತೆಗಳಲ್ಲಿ ಓಡಾಡುವವರು ಐಪಿ ಸಂಖ್ಯೆ ನೋಡಲೇಬೇಕು. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿ54 ಎಂದರೆ ಧೂಳು ತಕ್ಕಮಟ್ಟಿಗೆ ತಡೆಯುತ್ತದೆ. ಐಪಿ67, ಐಪಿ68 ಎಂದರೆ ಧೂಳು ಒಳಹೋಗುವುದಿಲ್ಲ.

ಆರನೆಯ ಹೆಜ್ಜೆ: ಹಣ

ಸುಮಾರು 15 ಸಾವಿರದೊಳಗೆ ಕೊಳ್ಳುವುದಾದರೆ ಒಂದೇ ಒಂದು ಒಳ್ಳೆಯ ಮುಖ್ಯ ಕ್ಯಾಮೆರಾ ಹುಡುಕಿ, ಉಳಿದದ್ದನ್ನು ಮರೆತುಬಿಡಿ. 15ರಿಂದ 20 ಸಾವಿರದ ಸುತ್ತ ಓಐಎಸ್ ಸಿಗತೊಡಗುತ್ತದೆ. ಕೈಯಲ್ಲಿ 25–30 ಸಾವಿರ ಇದ್ದು ಕ್ಯಾಮೆರಾವೇ ಮುಖ್ಯವಾದರೆ, ಹೊಸ ಮಧ್ಯಮ ದರ್ಜೆಯದಕ್ಕಿಂತ ಎರಡು ವರ್ಷ ಹಳೆಯ ಮೇಲ್ದರ್ಜೆಯ ಮೊಬೈಲನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವುದನ್ನೇ ನಾನು ಹೇಳುತ್ತೇನೆ. ಒಳ್ಳೆಯ ಲೆನ್ಸು, ದೊಡ್ಡ ಸೆನ್ಸರು ಎರಡು ವರ್ಷಕ್ಕೆ ಹಳತಾಗುವುದಿಲ್ಲ.

ಆದರೆ ಕದ್ದ ಮಾಲು ಕೈಗೆ ಬರಬಾರದು. *#06# ಒತ್ತಿದರೆ ಆ ಮೊಬೈಲಿನ ಗುರುತಿನ ಸಂಖ್ಯೆಯಾದ ಹದಿನೈದು ಅಂಕಿಗಳ ಐಎಂಇಐ ಕಾಣುತ್ತದೆ. ಕೆವೈಎಂ (KYM) ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಕ್ಕೆ ಸಂದೇಶ ಕಳುಹಿಸಿ. ಕೇಂದ್ರ ದೂರಸಂಪರ್ಕ ಇಲಾಖೆಯ ವ್ಯವಸ್ಥೆ ಆ ಮೊಬೈಲಿನ ಸ್ಥಿತಿಯನ್ನು ತಿಳಿಸುತ್ತದೆ. ಸಂಚಾರ್ ಸಾಥಿ ಜಾಲತಾಣದಲ್ಲೂ ಪರೀಕ್ಷಿಸಬಹುದು. ಹಳೆಯ ಮೊಬೈಲಿನ ಲೆನ್ಸನ್ನು ಟಾರ್ಚ್ ಬೆಳಕಿನಲ್ಲಿ ನೋಡಿ, ಒಳಗೆ ಮಂಜು ಅಥವಾ ಧೂಳಿದ್ದರೆ ಒಮ್ಮೆ ಬಿಚ್ಚಿದ್ದಿರಬಹುದು, ಇಲ್ಲವೇ ನೀರು ಕುಡಿದಿರಬಹುದು. ಹೊಸದಾಗಲಿ ಹಳೆಯದಾಗಲಿ ಐಎಂಇಐ ನಮೂದಿಸಿದ ಬಿಲ್ ಕೇಳಿ ಪಡೆಯಿರಿ. ಬಿಲ್ ಬೇಡವೆಂದರೆ ಕಡಿಮೆ ಮಾಡುತ್ತೇವೆ ಎಂಬ ಮಾತಿಗೆ ಒಪ್ಪಬೇಡಿ.

ಮನೆಗೆ ತಂದ ಮೇಲೆ

ಮೊದಲ ವಾರದಲ್ಲೇ ಎಲ್ಲ ಲೆನ್ಸುಗಳಿಂದ ತೆಗೆದು, ಮೂಲೆಗಳನ್ನು ಮತ್ತೊಮ್ಮೆ ಪರೀಕ್ಷಿಸಿ. ಡೆಮೊ ಮೊಬೈಲ್ ಬೇರೆ, ನಿಮ್ಮ ಕೈಗೆ ಬಂದದ್ದು ಬೇರೆ. ಬದಲಾಯಿಸಿ ಕೊಡುವ ಅವಧಿ ಮುಗಿಯುವ ಮುನ್ನ ದೋಷ ಗೊತ್ತಾಗಬೇಕು.

ಕಿನ್ನಾಳದ ಹಿರಿಯರು ಆ ಮೊಬೈಲನ್ನು ಎಕ್ಸ್‌ಚೇಂಜ್‌ಗೆ ಕೊಟ್ಟರು. ನಾನೂ ಜೊತೆಗೆ ಹೋಗಿದ್ದೆ, ಗರುಡನ ಗೊಂಬೆಯೂ ಬಂದಿತ್ತು. ನಾಲ್ಕು ಮೊಬೈಲುಗಳಲ್ಲಿ ಗೊಂಬೆಯನ್ನು ತೆಗೆದು, ಪ್ರತಿ ಫೋಟೊವನ್ನೂ ಅದರ ಪಕ್ಕ ಹಿಡಿದು ನೋಡಿದರು. ಬಣ್ಣ ಬೆರೆಸಿ ಬೆರೆಸಿ ಪಳಗಿದ ಕಣ್ಣು ಅದು. ಮೂರನೆಯದನ್ನು ನೋಡಿದ ಕೂಡಲೇ ‘ಇದು ನನ್ನ ಕೆಂಪು’ ಎಂದರು. ಅದು 50 ಮೆಗಾಪಿಕ್ಸೆಲ್‌ನದು, ನಾಲ್ಕರಲ್ಲಿ ಬೆಲೆಯೂ ಕಡಿಮೆ.

ಹಣ ಕೊಡುವಾಗ ಅಂಗಡಿಯ ಹುಡುಗ ಲೆನ್ಸ್ ಮೇಲೆ ಅಂಟಿಸಲು ಗಾಜಿನ ಗಾರ್ಡ್ ತೆಗೆದ. ಬೇಡವೆಂದು ತಡೆದೆ. ಕಂಪನಿ ಜಾಗ್ರತೆಯಿಂದ ಲೇಪ ಹಾಕಿ ಕೂರಿಸಿದ ಗಾಜಿನ ಮೇಲೆ ಅಗ್ಗದ ಇನ್ನೊಂದು ಗಾಜು ಕೂತರೆ, ರಾತ್ರಿ ಪ್ರತಿ ದೀಪದಿಂದಲೂ ಬೆಳಕಿನ ಗೆರೆಗಳು ಚೆಲ್ಲುತ್ತವೆ, ನಡುವೆ ಧೂಳು ಸೇರಿ ಫೋಟೊ ಮಂಜಾಗುತ್ತದೆ. ನಿಮ್ಮ ಮೊಬೈಲಿಗೆ ಈಗಾಗಲೇ ಅಂಟಿಸಿದ್ದರೆ ಕಿತ್ತು ಒಂದು ರಾತ್ರಿಯ ಫೋಟೊ ತೆಗೆದು ನೋಡಿ. ಲೆನ್ಸ್ ಒರೆಸಲು ಸೆರಗು, ಪಂಚೆ, ಅಂಗಿಯ ತುದಿ ಬೇಡ. ನಮ್ಮ ಕೆಂಪು ಧೂಳಿನಲ್ಲಿ ಸಣ್ಣ ಮರಳಿನ ಕಣಗಳಿರುತ್ತವೆ. ಮೊದಲು ಗಾಳಿ ಊದಿ ಧೂಳು ಹಾರಿಸಿ, ಆಮೇಲೆ ಕನ್ನಡಕದ ಮೆತ್ತನೆಯ ಬಟ್ಟೆಯಿಂದ ಮೆಲ್ಲಗೆ ಒರೆಸಿ.